ಮಗಳು ಹಡಗಿನ ಹಗ್ಗದ ಮೇಲೆ, ನಾವು ನವನಗರದಲ್ಲಿ

ನಮ್ಮ ಅಡುಗೆಮನೆಯಲ್ಲಿ ಎರಡು ಗಡಿಯಾರ ಇವೆ. ಒಂದು ಬಾಗಲಕೋಟೆಯ ನಮ್ಮ ನವನಗರದ್ದು, ಇನ್ನೊಂದು ಮಗಳದು. ಅವಳು ಕೆರಿಬಿಯನ್ ಕಡೆ ಇದ್ದಾಗ, ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆಗೆ ನಾನು ರೊಟ್ಟಿ ಬಡಿಯುವಾಗ ಅವಳ ಗಡಿಯಾರದಲ್ಲಿ ರಾತ್ರಿ ಹತ್ತು. ಎರಡನೇ ಶೋ ಮುಗಿದು ಮುಖದ ಬಣ್ಣ ತೆಗೆಯುವ ಹೊತ್ತು. ಆಗ ಫೋನ್ ಬಂದರೆ ಬಂತು, ಇಲ್ಲದಿದ್ದರೆ ನಾಳೆ.

ಅವಳು ಕ್ರೂಸ್ ಹಡಗಿನಲ್ಲಿ ಏರಿಯಲಿಸ್ಟ್. ಥಿಯೇಟರಿನ ಚಾವಣಿಯಿಂದ ಇಳಿಬಿಟ್ಟ ಉದ್ದನೆ ಬಟ್ಟೆ, ಪಟ್ಟಿ, ಕಬ್ಬಿಣದ ಬಳೆ ಹಿಡಿದು ಗಾಳಿಯಲ್ಲಿ ಕಸರತ್ತು ಮಾಡುತ್ತಾಳೆ. ನಮ್ಮ ಕಡೆಯ ಹಗ್ಗದ ಮಲ್ಲಕಂಬ ಕಲಿತ ಹುಡುಗಿ. ಹತ್ತು ವರ್ಷದವಳಿದ್ದಾಗ ಬೇವಿನ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಶುರು ಮಾಡಿದ್ದು, ಕೆರಿಬಿಯನ್ ಸಮುದ್ರದವರೆಗೆ ಹೋಯಿತು. ಇದುವರೆಗೆ ಮೂರು ಕಾಂಟ್ರಾಕ್ಟ್ ಮುಗಿಸಿದ್ದಾಳೆ.

ನಾನು ಖಣದ ಕುಪ್ಪಸ ಹೊಲಿಯುವವಳು. ಹೋದ ತಿಂಗಳು ಇಳಕಲ್ಲಿನ ಒಬ್ಬ ತಾಯಿ ಕುಪ್ಪಸಕ್ಕೆ ಅಳತೆ ಕೊಡಲು ಬಂದವರು ಎರಡು ತಾಸು ಕೂತುಬಿಟ್ಟರು. ಅವರ ಮಗನನ್ನು ಹಡಗಿನ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಲು ಆರಿಸಿದ್ದಾರಂತೆ. "ನಾವೇನ್ ಮಾಡಬೇಕ್ರಿ ಅಕ್ಕಾರ?" ಅಂತ ಒಂದೇ ಪ್ರಶ್ನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಮರೆತದ್ದನ್ನೂ ಸೇರಿಸಿದ್ದೇನೆ.

ಮೊದಲು, ಅದು ಎಂಥ ಕೆಲಸ ಅಂತ ತಿಳಿದುಕೊಳ್ಳಿ

ನಮ್ಮ ಮನೆಯವರು ಇಪ್ಪತ್ತು ವರ್ಷ ನಾಟಕ ಕಂಪನಿಗಳಲ್ಲಿ ತಬಲಾ ನುಡಿಸಿದವರು. ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಮನೆ ಕಡೆ ಬರುತ್ತಿರಲಿಲ್ಲ. ಬಾದಾಮಿ ಇಲ್ಲಿಂದ ಬಸ್ಸಿಗೆ ಒಂದೂವರೆ ತಾಸು. ಆದರೂ ಬರುತ್ತಿರಲಿಲ್ಲ. ದಿನಾ ಎರಡು ಆಟ, ಬಿಡುವೆಲ್ಲಿ? ಮಗಳು ಹಡಗಿಗೆ ಹೋಗುತ್ತೇನೆ ಅಂದಾಗ ಅವರು ಅಂದದ್ದು ಇಷ್ಟೇ: "ನೀರಿನ ಮ್ಯಾಲಿನ ಕಂಪನಿ ಅಂತ ತಿಳ್ಕೊ." ನನಗೆ ಅರ್ಧ ಭಯ ಅಲ್ಲೇ ಹೋಯಿತು.

ನಿಜಕ್ಕೂ ಜಾಸ್ತಿ ಫರಕಿಲ್ಲ. ಇಬ್ಬರಿಗೆ ಒಂದು ಖೋಲಿ, ಒಂದರ ಮೇಲೊಂದು ಮಂಚ, ಕಿಟಕಿ ಇಲ್ಲ. ರಾತ್ರಿ ಎರಡು ಶೋ, ಏಕೆಂದರೆ ಪ್ರಯಾಣಿಕರು ಎರಡು ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಹಗಲು ರಿಹರ್ಸಲ್, ಹಗ್ಗ ಕೊಕ್ಕೆಗಳ ತಪಾಸಣೆ. ಅದರ ಜೊತೆ ಎಲ್ಲರಂತೆ ಸುರಕ್ಷತಾ ಡ್ರಿಲ್. ಅಪಾಯದ ಗಂಟೆ ಹೊಡೆದರೆ ಯಾವ ಪ್ರಯಾಣಿಕರನ್ನು ಯಾವ ದೋಣಿ ಕಡೆ ಕರೆದೊಯ್ಯಬೇಕು ಅನ್ನುವ ಜವಾಬ್ದಾರಿ ಕುಣಿಯುವವರಿಗೂ ಇರುತ್ತದೆ. ಸಮುದ್ರ ಜಾಸ್ತಿ ಅಲುಗಾಡಿದ ರಾತ್ರಿ ಏರಿಯಲ್ ಭಾಗ ಬಿಟ್ಟು ಶೋ ನಡೆಸುತ್ತಾರೆ. ಅಂಥ ದಿನ ಅವಳಿಗೆ ಬೇಜಾರು, ನನಗೆ ಹಬ್ಬ.

ಕಾಂಟ್ರಾಕ್ಟ್ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅದಕ್ಕೂ ಮೊದಲು ನೆಲದ ಮೇಲೆ ಕೆಲವು ವಾರ ರಿಹರ್ಸಲ್ ಇರುತ್ತದೆ. ಆಮೇಲೆ ಮನೆ. ಮತ್ತೆ ಕರೆದರೆ ಮತ್ತೆ ಹೋಗುವುದು. ಇದನ್ನು ಅರ್ಥ ಮಾಡಿಕೊಳ್ಳದ ತಂದೆ-ತಾಯಿ ಪ್ರತಿ ಸಲ "ಯಾವಾಗ ಪರ್ಮನೆಂಟ್ ಆಗ್ತೀ?" ಅಂತ ಕೇಳುತ್ತಾರೆ. ನಾನೂ ಕೇಳಿದ್ದೆ. ಈ ಕೆಲಸದಲ್ಲಿ ಪರ್ಮನೆಂಟ್ ಅನ್ನುವುದೇ ಇಲ್ಲ. ತಬಲಾದವರ ಹೆಂಡತಿಗೆ ಇದು ಮೊದಲೇ ಗೊತ್ತಿರಬೇಕಿತ್ತು ಅಲ್ವಾ?

ಏಜೆಂಟ್ ದುಡ್ಡು ಕೇಳಿದರೆ ಎದ್ದು ಬನ್ನಿ

ನಾವು ಎದ್ದು ಬರಲಿಲ್ಲ. ದೊಡ್ಡ ಊರಿನ ಒಬ್ಬ ಏಜೆಂಟ್ ಒಂದೂವರೆ ಲಕ್ಷ ಕೇಳಿದ. "ಸೀಟ್ ಬ್ಲಾಕ್" ಮಾಡಲು 25 ಸಾವಿರ ಮೊದಲು ಕೊಡಿ ಅಂದ. ಕೊಟ್ಟೆವು. ಆ ದುಡ್ಡು ಇವತ್ತಿಗೂ ಬ್ಲಾಕ್ ಆಗಿಯೇ ಇದೆ.

ಆಮೇಲೆ ಗೊತ್ತಾದದ್ದು: ಹಡಗಿನವರ ಕೆಲಸಕ್ಕೆ 2006ರ ಕಡಲ ಕಾರ್ಮಿಕ ಒಪ್ಪಂದ ಅಂತ ಇದೆ. ಅದನ್ನು ಎಂಎಲ್‌ಸಿ ಅನ್ನುತ್ತಾರೆ. ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಪಾಸ್‌ಪೋರ್ಟ್, ಸಿಡಿಸಿ ಅನ್ನುವ ಹಡಗಿನವರ ಪುಸ್ತಕ, ವೈದ್ಯಕೀಯ ಸರ್ಟಿಫಿಕೇಟ್ ಇವುಗಳ ಖರ್ಚು ನಮ್ಮದಾಗಬಹುದು. ವೀಸಾ ಖರ್ಚು ಕಂಪನಿಯದು. ನಮ್ಮ ದೇಶದಲ್ಲಿ ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಟ್ಟ ಲೈಸೆನ್ಸ್ ಇರಬೇಕು, ಅದಕ್ಕೆ ಆರ್‌ಪಿಎಸ್‌ಎಲ್ ಅನ್ನುತ್ತಾರೆ. ಲೈಸೆನ್ಸ್ ಇದ್ದವರ ಪಟ್ಟಿ ಆ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಏಜೆಂಟ್ ತೋರಿಸುವ ಕಾಗದ ನೋಡಬೇಡಿ, ಪಟ್ಟಿಯಲ್ಲಿ ಹೆಸರು ನೋಡಿ. ನಾವು ಮಾಡದೇ ಹೋದ ಐದು ನಿಮಿಷದ ಕೆಲಸ ಅದು.

ಕೊನೆಗೆ ಮಗಳು ತಾನೇ ನಾಲ್ಕು ನಿಮಿಷದ ವಿಡಿಯೋ ಮಾಡಿ ಆಡಿಶನ್‌ಗೆ ಕಳಿಸಿದಳು. ಕಂಪನಿಯವರು ಆರಿಸಿ, ಲೈಸೆನ್ಸ್ ಇದ್ದ ಏಜೆನ್ಸಿ ಮೂಲಕ ಕಾಗದಪತ್ರ ಮಾಡಿಸಿದರು. ಒಂದು ರೂಪಾಯಿ ಕೇಳಲಿಲ್ಲ.

ಕಾಗದದ ಡಬ್ಬಿ ನಿಮ್ಮ ಪಾಲಿನ ಕೆಲಸ

ಮುಳುಗಡೆ ಊರಿನವರಿಗೆ ಕಾಗದದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ನಮ್ಮ ಮನೆ ಹೋದಾಗ, ಮನೆ ಇತ್ತು ಅನ್ನುವುದಕ್ಕೆ ಉಳಿದದ್ದು ಒಂದು ತಗಡಿನ ಡಬ್ಬಿಯ ಕಾಗದ ಮಾತ್ರ. ಅದೇ ಡಬ್ಬಿಯಲ್ಲಿ ಈಗ ಮಗಳ ಕಾಗದ ಇವೆ.

ಏನೇನು ಬೇಕು ಅಂದರೆ: ಪಾಸ್‌ಪೋರ್ಟ್. ಸಿಡಿಸಿ, ಹತ್ತು ವರ್ಷಕ್ಕೆ ಕೊಡುತ್ತಾರೆ. ಇಂಡೋಸ್ ನಂಬರ್, ಅಂದರೆ ಸರ್ಕಾರದ ಲೆಕ್ಕದಲ್ಲಿ ಹಡಗಿನವರ ಗುರುತಿನ ನಂಬರ್. ಎಸ್‌ಟಿಸಿಡಬ್ಲ್ಯೂ ಅನ್ನುವ ಸುರಕ್ಷತಾ ತರಬೇತಿಯ ಸರ್ಟಿಫಿಕೇಟುಗಳು: ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಇತ್ಯಾದಿ. ಇವಳು ಮುಂಬೈಯಲ್ಲಿ ಎರಡು ವಾರದ ಹತ್ತಿರ ಇದ್ದು ಮಾಡಿದಳು. ಲೈಫ್ ಜಾಕೆಟ್ ಹಾಕಿಕೊಂಡು ಮೇಲಿಂದ ಈಜುಕೊಳಕ್ಕೆ ಹಾರಬೇಕು, ಬೋರಲಾದ ರಬ್ಬರ್ ದೋಣಿಯನ್ನು ನೀರಿನಲ್ಲಿದ್ದುಕೊಂಡೇ ಮಗುಚಬೇಕು. ನಮ್ಮ ತೋಟದ ಬಾವಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು, ಹಾರುವುದು ಕಷ್ಟವಾಗಲಿಲ್ಲ. ಕೆಲವು ತರಬೇತಿಗಳನ್ನು ಐದು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಅಮೆರಿಕದ ಬಂದರಿನಿಂದ ಹೊರಡುವ ಹಡಗಾದರೆ ಹಡಗಿನ ಸಿಬ್ಬಂದಿಗೆ ಕೊಡುವ ಸಿ1/ಡಿ ವೀಸಾ ಬೇಕು, ಸಂದರ್ಶನ ಇರುತ್ತದೆ. ವೈದ್ಯಕೀಯ ತಪಾಸಣೆ. ಕೆಲವು ಮಾರ್ಗಕ್ಕೆ ಹಳದಿ ಜ್ವರದ ಲಸಿಕೆ.

ಪ್ರತಿಯೊಂದರ ಮೂರು ಝೆರಾಕ್ಸ್, ಒಂದು ಸ್ಕ್ಯಾನ್. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ ಯಾವುದರ ಅವಧಿ ಯಾವಾಗ ಮುಗಿಯುತ್ತದೆ ಅಂತ ಬರೆದಿಡಿ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನೆನಪು ಮಾಡಿ. ಹಡಗಿನಲ್ಲಿದ್ದವರಿಗೆ ವಾರ ಯಾವುದು ಅನ್ನುವುದೇ ನೆನಪಿರುವುದಿಲ್ಲ.

ಕಾಂಟ್ರಾಕ್ಟನ್ನು ನೀವೂ ಓದಿ. ಇಂಗ್ಲಿಷ್ ಬರದಿದ್ದರೆ ಓದಿಸಿಕೊಳ್ಳಿ. ನಾನು ಪಕ್ಕದ ಸೆಕ್ಟರಿನ ಟ್ಯೂಷನ್ ಮಾಸ್ತರರ ಹತ್ತಿರ ಓದಿಸಿದೆ. ಎಷ್ಟು ತಿಂಗಳು, ತಿಂಗಳಿಗೆ ಎಷ್ಟು ಡಾಲರ್, ರಿಹರ್ಸಲ್ ವಾರಗಳಿಗೆ ಎಷ್ಟು, ಹೋಗಿಬರುವ ವಿಮಾನ ಯಾರದು, ಪೆಟ್ಟಾದರೆ ಯಾರು ನೋಡುತ್ತಾರೆ, ಮನೆಯಲ್ಲಿ ಯಾರಿಗೆ ಏನಾದರೆ ಕಳಿಸುತ್ತಾರೆ. ಇವಿಷ್ಟು ಗೊತ್ತಾದರೆ ಸಾಕು. ಇವಳ ಮೊದಲ ಕಾಂಟ್ರಾಕ್ಟಿನಲ್ಲಿ ರಿಹರ್ಸಲ್ ವಾರಗಳ ಪಗಾರ ಕಡಿಮೆ ಇತ್ತು. ಮೊದಲೇ ಓದಿದ್ದರಿಂದ ಆಮೇಲೆ ಗಾಬರಿಯಾಗಲಿಲ್ಲ.

ಮೊಬೈಲಿನ ಚುಕ್ಕೆ ನಂಬಿ ಕೂರಬೇಡಿ

ಹಡಗು ಎಲ್ಲಿದೆ ಅಂತ ತೋರಿಸುವ ಆ್ಯಪ್‌ಗಳಿವೆ, ಮರೈನ್‌ಟ್ರಾಫಿಕ್, ವೆಸೆಲ್‌ಫೈಂಡರ್ ಅಂತ. ಹಡಗಿನ ಹೆಸರಿಗಿಂತ ಅದರ ಐಎಂಒ ನಂಬರ್ ಹಾಕಿ ಹುಡುಕಿ. ಏಳು ಅಂಕಿ ಇರುತ್ತದೆ. ಹಡಗಿನ ಹೆಸರು ಬದಲಾದರೂ ನಂಬರ್ ಬದಲಾಗುವುದಿಲ್ಲ.

ಮೊದಲ ಕಾಂಟ್ರಾಕ್ಟಿನ ಎರಡನೇ ತಿಂಗಳು. ನಾನು ದಿನಕ್ಕೆ ಇಪ್ಪತ್ತು ಸಲ ಚುಕ್ಕೆ ನೋಡುತ್ತಿದ್ದೆ. ಒಂದು ದಿನ ಚುಕ್ಕೆ ನಡುಸಮುದ್ರದಲ್ಲಿ ನಿಂತುಬಿಟ್ಟಿತು. ಮರುದಿನವೂ ಅಲ್ಲೇ. ಮಗಳ ಫೋನೂ ಇಲ್ಲ. ಮೂರನೇ ದಿನ ರಾತ್ರಿ ಏಜೆನ್ಸಿಯ ತುರ್ತು ನಂಬರಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವರು ಹಡಗಿಗೆ ಸುದ್ದಿ ಮುಟ್ಟಿಸಿದರು. ಇವಳನ್ನು ಆಫೀಸಿಗೆ ಕರೆದು, "ನಿಮ್ಮ ತಾಯಿಗೆ ಫೋನ್ ಮಾಡಿ" ಅಂದರಂತೆ.

"ಅವ್ವಾ, ನಂಗೇನೂ ಆಗಿಲ್ಲ. ನೆಟ್ ಇರಲಿಲ್ಲ ಅಷ್ಟ. ನೀ ಹಿಂಗ ಫೋನ್ ಮಾಡಿದ್ರ ಇಲ್ಲಿ ಎಲ್ಲಾರ ಮುಂದ ನಾ ಸಣ್ಣ ಹುಡುಗಿ ಆಗ್ತೀನಿ."

ಆಗಿದ್ದೇನು ಅಂದರೆ, ಪುಕ್ಕಟೆ ಆ್ಯಪ್ ತೋರಿಸುವುದು ಹೆಚ್ಚಾಗಿ ದಡದ ಮೇಲಿನ ಗೋಪುರಗಳು ಹಿಡಿಯುವ ಸಿಗ್ನಲ್. ಹಡಗು ದೂರ ಹೋದರೆ ಅವಕ್ಕೆ ಸಿಗುವುದಿಲ್ಲ. ಕೊನೆಗೆ ಸಿಕ್ಕ ಜಾಗದಲ್ಲೇ ಚುಕ್ಕೆ ನಿಂತಿರುತ್ತದೆ. ಹಡಗು ಆರಾಮಾಗಿ ಮುಂದೆ ಹೋಗಿರುತ್ತದೆ. ಈಗ ದಿನಕ್ಕೆ ಒಂದು ಸಲ ನೋಡುತ್ತೇನೆ, ಸಂಜೆ ದೀಪ ಹಚ್ಚಿದ ಮೇಲೆ.

ಜೂನ್‌ನಿಂದ ನವೆಂಬರ್‌ವರೆಗೆ ಆ ಕಡೆ ಚಂಡಮಾರುತದ ಕಾಲ. ಟಿವಿಯಲ್ಲಿ ತಿರುಗುವ ಚಿತ್ರ ನೋಡಿ ಎದೆ ಹಿಡಿದುಕೊಳ್ಳಬೇಡಿ. ಚಂಡಮಾರುತದ ಸೂಚನೆ ದಿನಗಟ್ಟಲೆ ಮೊದಲೇ ಸಿಗುತ್ತದೆ, ಹಡಗು ದಾರಿ ಬದಲಿಸುತ್ತದೆ. ಪೂರ್ವಕ್ಕೆ ಹೋಗಬೇಕಾದದ್ದು ಪಶ್ಚಿಮದ ಬಂದರಿಗೆ ಹೋಗುತ್ತದೆ. ಮನೆ ಅನ್ನುವುದು ಜಾಗ ಬಿಟ್ಟು ಸರಿಯುವುದಿಲ್ಲ, ಹಡಗು ಸರಿಯುತ್ತದೆ. ಮುಳುಗಡೆಯವಳಾಗಿ ಹೇಳುತ್ತೇನೆ, ನೀರು ಬಂದಾಗ ಸರಿಯಬಲ್ಲದ್ದೇ ವಾಸಿ.

ನಮ್ಮ ಈಗಿನ ಒಪ್ಪಂದ ಹೀಗಿದೆ. ದಿನಕ್ಕೊಂದು ಮೆಸೇಜು, ಒಂದು ಹೂವಿನ ಚಿತ್ರ ಹಾಕಿದರೂ ನಡೆಯುತ್ತದೆ. ವಾರಕ್ಕೆ ಒಂದು ದೊಡ್ಡ ಫೋನು. ನಾಲ್ಕು ದಿನ ಹೂವೂ ಬರದಿದ್ದರೆ ಮಾತ್ರ ಏಜೆನ್ಸಿಗೆ ಫೋನ್. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಹಡಗಿನ ಹೆಸರು, ಐಎಂಒ ನಂಬರ್, ಅವಳ ಸಿಬ್ಬಂದಿ ನಂಬರ್, ಕಂಪನಿಯ ತುರ್ತು ಫೋನ್. ಅವಳ ಇಲ್ಲಿನ ಸಿಮ್ ಹಳೇ ಮೊಬೈಲಿನಲ್ಲಿ ಹಾಕಿ ರೀಚಾರ್ಜ್ ಮಾಡಿಸುತ್ತಿರಿ. ತಿಂಗಳುಗಟ್ಟಲೆ ಬಿಟ್ಟರೆ ನಂಬರ್ ಹೋಗಿಬಿಡುತ್ತದೆ, ಅದರ ಜೊತೆ ಬ್ಯಾಂಕೂ ಆಧಾರೂ ಪೇಚಿಗೆ ಬೀಳುತ್ತವೆ.

ಕೆಟ್ಟ ಸುದ್ದಿಗೆ ಹೊತ್ತು ನೋಡಿ

ಇದೊಂದನ್ನು ನಿಧಾನವಾಗಿ ಓದಿ.

ಅದೇ ಮೊದಲ ಕಾಂಟ್ರಾಕ್ಟ್. ಒಂದು ರಾತ್ರಿ ನಾಲ್ಕು ಗಂಟೆಗೆ ನಮ್ಮ ಮನೆಯವರಿಗೆ ಹೊಟ್ಟೆನೋವು. ಹೊರಳಾಡುತ್ತಿದ್ದರು. ಆಟೋ ಕರೆಸಿ ಆಸ್ಪತ್ರೆಗೆ ಹೊರಟೆ. ಆಟೋದಲ್ಲೇ ಮಗಳಿಗೆ ಮೆಸೇಜ್ ಹಾಕಿದೆ: "ಅಪ್ಪಾಗ ಆರಾಮಿಲ್ಲ. ಆಮೇಲೆ ಮಾತಾಡ್ತೀನಿ." ಹಾಕಿ ಮೊಬೈಲ್ ಚೀಲದಲ್ಲಿಟ್ಟುಬಿಟ್ಟೆ.

ಅವಳಿಗೆ ಆಗ ಸಂಜೆ ಆರೂವರೆ. ಏಳಕ್ಕೆ ಮೊದಲ ಶೋ. ಮೆಸೇಜ್ ಓದಿದಳು. ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಕರೆದಾಗ ಪರದೆ ಹಿಂದಿನಿಂದ ಹೋಗಿ ಬಟ್ಟೆ ಹಿಡಿದು ಮೇಲೇರಿದಳು. ಎಂಟು ಮೀಟರ್ ಎತ್ತರ, ಕೆಳಗೆ ಬಲೆ ಇಲ್ಲ. ಅಂಗೈ ಬೆವರುತ್ತಿತ್ತಂತೆ. ಕಾಲಿಗೆ ಬಟ್ಟೆಯನ್ನು ಎರಡು ಸುತ್ತು ಸುತ್ತುವ ಕಡೆ ಮೂರು ಸುತ್ತಿದಳು. ತಟ್ಟನೆ ತಲೆಕೆಳಗಾಗಿ ಜಾರುವ ಒಂದು ಪಟ್ಟು ಇದೆ, ಅದನ್ನು ಬಿಟ್ಟು ಸುಮ್ನೆ ಇಳಿದು ಬಂದಳು. ಇತ್ತ ಬೆಳಗಾಗುವಷ್ಟರಲ್ಲಿ ಗೊತ್ತಾಯಿತು, ಕಿಡ್ನಿ ಸ್ಟೋನ್. ಇಂಜೆಕ್ಷನ್ ಹಾಕಿದ ಮೇಲೆ ಇವರು ಚಹಾ ಕೇಳಿದರು.

ಅವಳು ಬೈಯಲಿಲ್ಲ. ವಾರ ಬಿಟ್ಟು ಮೂರು ಸುತ್ತಿನ ಕಥೆ ಹೇಳಿದಳು, ಅಷ್ಟೇ. ನಾನು ಮರುದಿನ ಹೊಲಿಗೆ ಮಷಿನ್ ಪೆಟ್ಟಿಗೆಯಿಂದ ಕೆಂಪು ಟೇಪು ತೆಗೆದು ಅವಳ ಗಡಿಯಾರದ ಗಾಜಿನ ಮೇಲೆ ಐದರಿಂದ ಹತ್ತರವರೆಗೆ ಅಂಟಿಸಿದೆ. ಮುಳ್ಳು ಸಂಜೆ ಆ ಕೆಂಪಿನೊಳಗೆ ಇರುವಾಗ ನಮ್ಮ ಮನೆಯಿಂದ ಯಾವ ಸುದ್ದಿಯೂ ಹೋಗುವುದಿಲ್ಲ. ಒಳ್ಳೆಯದೂ ಇಲ್ಲ. ಅರ್ಧ ಸುದ್ದಿಯಂತೂ ಯಾವ ಹೊತ್ತಿನಲ್ಲೂ ಇಲ್ಲ. ಏನಾಗಿದೆ, ಎಲ್ಲಿದ್ದೇವೆ, ಡಾಕ್ಟರ್ ಏನಂದರು, ಮೂರೂ ಗೊತ್ತಾದ ಮೇಲೆ ಒಂದೇ ಮೆಸೇಜಿನಲ್ಲಿ ಪೂರಾ ಬರೆಯಬೇಕು.

ಆದರೆ ಮುಚ್ಚಿಡುವುದೂ ತಪ್ಪು. ಮಗಳು ಇದನ್ನು ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಕಾಂಟ್ರಾಕ್ಟ್ ಮುಗಿಯುವವರೆಗೆ ಹೇಳದೆ ಇದ್ದುಬಿಟ್ಟರೆ, ಮುಂದಿನ ಸಲ ನಾವು "ಎಲ್ಲಾ ಆರಾಮ" ಅಂದರೂ ಅವಳು ನಂಬುವುದಿಲ್ಲ. ಎರಡನೇ ಕಾಂಟ್ರಾಕ್ಟಿನಲ್ಲಿ ಅಜ್ಜಿ ತೀರಿಕೊಂಡರು. ಜನವರಿ, ಹಗಲು ಹನ್ನೊಂದು ಗಂಟೆ. ಚಳಿಗಾಲದಲ್ಲಿ ಆ ಕಡೆಯ ಗಡಿಯಾರ ಒಂದು ತಾಸು ಹಿಂದೆ ಹೋಗುತ್ತದೆ, ನಮಗೂ ಅವರಿಗೂ ಹತ್ತೂವರೆ ತಾಸು ಅಂತರ. ಅವಳಿಗೆ ರಾತ್ರಿ ಹನ್ನೆರಡೂವರೆ. ಕೆಂಪು ದಾಟಿತ್ತು. ಮುಂದಿನ ಶೋಗೆ ಇನ್ನೂ ಹದಿನೆಂಟು ತಾಸು ಇತ್ತು. ನಮ್ಮ ಮನೆಯವರೇ ಫೋನ್ ಮಾಡಿ ಹೇಳಿದರು. ಅಳಲು, ಮಲಗಲು, ಏಳಲು ಹೊತ್ತು ಸಿಕ್ಕಿತು. ಬೇಕಿದ್ದರೆ ಶೋ ಬಿಡಬಹುದು ಅಂತ ಮ್ಯಾನೇಜರ್ ಅಂದರಂತೆ. ಇವಳು ಮಾಡಿದಳು. ನಮ್ಮ ಹತ್ತಿರ ಕೇಳಿದ್ದು ಒಂದೇ: ಅಜ್ಜಿಯ ಹಳೇ ಇಳಕಲ್ ಸೀರೆ, "ಒಗೀಬ್ಯಾಡ ಅವ್ವಾ, ಹಂಗ ಇಡು."

ಕಾಂಟ್ರಾಕ್ಟಿನಲ್ಲಿ ತುರ್ತಾಗಿ ಮನೆಗೆ ಕಳಿಸುವ ಪಟ್ಟಿಯಲ್ಲಿ ತಂದೆ, ತಾಯಿ, ಗಂಡ, ಮಕ್ಕಳು ಇದ್ದರು. ಅಜ್ಜಿ ಇರಲಿಲ್ಲ. ಇದ್ದರೂ ಹಡಗು ಮುಂದಿನ ಬಂದರು ಮುಟ್ಟಬೇಕು, ಆಮೇಲೆ ವಿಮಾನ. ಮಣ್ಣಿಗೆ ಬರುವುದು ಆಗದ ಮಾತು. ಆದ್ದರಿಂದ ಹೊರಡುವ ಮೊದಲೇ ಕೂತು ಮಾತಾಡಿ: ಯಾರಿಗೆ ಏನಾದರೆ ಬರುತ್ತೀ, ಯಾರಿಗೆ ಏನಾದರೆ ಬರುವುದಿಲ್ಲ. ಕೆಟ್ಟ ಮಾತು ಆಡಬೇಡಿ ಅಂತ ಮನೆಯ ಹಿರಿಯರು ತಡೆಯುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. "ನಾ ಹೋದ್ರ ಬರಬ್ಯಾಡವಾ, ಕುಣಿ" ಅಂದವರು ಆ ಅಜ್ಜಿಯೇ.

ಡಾಲರ್ ಮತ್ತು ಮುಳುಗಡೆ ಪರಿಹಾರ

ಮುಳುಗಡೆ ಪರಿಹಾರ ಬಂದಾಗ ನಮ್ಮ ಓಣಿಯಲ್ಲಿ ಏನಾಯಿತು ಅಂತ ಕಣ್ಣಾರೆ ನೋಡಿದ್ದೇನೆ. ಒಂದೇ ಸಲ ಕೈಗೆ ಬಂದ ದುಡ್ಡು. ಮೋಟಾರ್ ಸೈಕಲ್ ಬಂದವು, ಮದುವೆಗಳು ದೊಡ್ಡವಾದವು, ಗೊತ್ತಿಲ್ಲದ ಸಂಬಂಧಿಕರು ಹುಟ್ಟಿಕೊಂಡರು. ಮೂರು ವರ್ಷದಲ್ಲಿ ಕೆಲವು ಮನೆಯವರು ಬಾಡಿಗೆ ಖೋಲಿಯಲ್ಲಿದ್ದರು.

ಹಡಗಿನ ದುಡ್ಡೂ ಹಾಗೇ. ಊಟ, ವಸತಿ ಕಂಪನಿಯದೇ, ಹಾಗಾಗಿ ಪಗಾರ ಹೆಚ್ಚುಕಡಿಮೆ ಪೂರಾ ಉಳಿಯುತ್ತದೆ. ಏಳು ತಿಂಗಳು ಬರುತ್ತದೆ, ಆಮೇಲೆ ನಿಂತುಬಿಡುತ್ತದೆ. ಮುಂದಿನ ಕಾಂಟ್ರಾಕ್ಟ್ ಎರಡು ತಿಂಗಳಿಗೆ ಬರಬಹುದು, ಆರು ತಿಂಗಳಿಗೂ ಬರಬಹುದು. ಮಳೆಗಾಲದಲ್ಲಿ ನಾಟಕ ಕಂಪನಿ ಬಂದ್ ಆದಾಗ ನಾನು ಮನೆ ನಡೆಸಿದ ಲೆಕ್ಕವನ್ನೇ ಅವಳಿಗೆ ಕಲಿಸಿದೆ. ಏಳು ತಿಂಗಳ ದುಡ್ಡನ್ನು ಹನ್ನೆರಡು ಪಾಲು ಮಾಡು, ತಿಂಗಳಿಗೆ ಒಂದು ಪಾಲು ಮಾತ್ರ ನಿನ್ನದು. ಅದರಲ್ಲೂ ಒಂದಿಷ್ಟು ತೆಗೆದಿಡು, ಏಕೆಂದರೆ ಭುಜ ಕಬ್ಬಿಣದ್ದಲ್ಲ.

ಎನ್‌ಆರ್‌ಇ ಖಾತೆ ಮಾಡಿಸಿ, ಅದು ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ. ತಂದೆ ಅಥವಾ ತಾಯಿಯನ್ನು ಅದರಲ್ಲಿ ಜಂಟಿ ಹೆಸರಾಗಿ ಸೇರಿಸಲು ಬರುತ್ತದೆ, ಆದರೆ ಖಾತೆ ಮಕ್ಕಳದ್ದೇ. ಇದನ್ನು ನಾವು ಮರೆಯಬಾರದು. ತೆರಿಗೆಗೆ ಹಡಗಿನವರ ಲೆಕ್ಕ ಬಲ್ಲ ಸಿಎ ಹತ್ತಿರ ಹೋಗಿ. ವರ್ಷದಲ್ಲಿ ಭಾರತದಲ್ಲಿ ಇದ್ದ ದಿನ 182ಕ್ಕಿಂತ ಕಡಿಮೆಯೋ ಅಲ್ಲವೋ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಸಿಡಿಸಿಯಲ್ಲಿ ಸೈನ್ ಆನ್, ಸೈನ್ ಆಫ್, ಅಂದರೆ ಹಡಗಿನ ಕೆಲಸಕ್ಕೆ ಸೇರಿದ, ಬಿಟ್ಟ ತಾರೀಖಿನ ಮುದ್ರೆ ಬೀಳುತ್ತದೆ. ಆ ಪುಟದ ಫೋಟೋ ಪ್ರತಿ ಸಲ ತರಿಸಿಕೊಂಡು ಡಬ್ಬಿಗೆ ಹಾಕಿ. ಭುಜದ ನೋವಿಗೆ ಬೇಗ ಬಂದ ವರ್ಷ ಇವಳಿಗೆ ಹೊರಗಿದ್ದ ದಿನಗಳು ಕಡಿಮೆ ಬಿದ್ದು ತೆರಿಗೆ ಕಟ್ಟಬೇಕಾಯಿತು.

ಮಗಳ ದುಡ್ಡಿನಲ್ಲಿ ಮನೆ ಮೇಲೆ ಮನೆ ಎತ್ತುವ ಆಸೆ ನನಗೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಭಿಶಿಯ, ಅಂದರೆ ಚೀಟಿ ಹಣ ಹಾಕುವ, ಹೆಂಗಸರೂ ಕಿವಿ ಊದಿದರು. ಎತ್ತಲಿಲ್ಲ. ಎತ್ತಿದ್ದರೆ ಆ ಸಾಲ ತೀರಿಸಲು ಅವಳು ನೋವಿನ ಭುಜದಲ್ಲೇ ನೇತಾಡಬೇಕಿತ್ತು.

ಪೆಟ್ಟಾದರೆ

ಎರಡನೇ ಕಾಂಟ್ರಾಕ್ಟಿನ ಐದನೇ ತಿಂಗಳು ಬಲಭುಜ ಎಳೆದುಕೊಂಡಿತು. ಹಡಗಿನ ಡಾಕ್ಟರ್ ನೋಡಿ ಮೆಡಿಕಲ್ ಸೈನ್ ಆಫ್ ಕೊಟ್ಟು ಮನೆಗೆ ಕಳಿಸಿದರು. ವಿಮಾನದ ಖರ್ಚು ಕಂಪನಿಯದೇ. ಎಂಎಲ್‌ಸಿ ಪ್ರಕಾರ ಕೆಲಸದಲ್ಲಿ ಪೆಟ್ಟಾದವರ ಚಿಕಿತ್ಸೆ ಹಡಗಿನ ಮಾಲೀಕರ ಹೊಣೆ, ಪಗಾರವನ್ನೂ ಕಂಪನಿಯವರು ಕೊಡಬೇಕು. ಅದಕ್ಕೆ ಮಿತಿ ಹಾಕಿಕೊಳ್ಳಬಹುದು, ಆದರೆ 16 ವಾರಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಇದು ಬಹಳ ಮನೆಯವರಿಗೆ ಗೊತ್ತಿಲ್ಲ. ಮಗ ನೋವು ಮುಚ್ಚಿಟ್ಟು ಕಾಂಟ್ರಾಕ್ಟ್ ಮುಗಿಸಿ ಮನೆಗೆ ಬಂದು ಹೇಳಿದರೆ, ಹಡಗಿನಲ್ಲೇ ಆಯಿತು ಅನ್ನುವುದಕ್ಕೆ ಕಾಗದ ಎಲ್ಲಿಂದ ತರುತ್ತೀರಿ? ನೋವಾದ ದಿನವೇ ಹಡಗಿನ ದವಾಖಾನೆಯಲ್ಲಿ ಬರೆಸಬೇಕು. ಇದನ್ನು ಹೋಗುವ ಮೊದಲೇ ಹೇಳಿ ಕಳಿಸಿ.

ಮನೆಗೆ ಬಂದ ಮೇಲೆ ಇನ್ನೊಂದು ಕಾಟ. ಓಣಿಯವರೆಲ್ಲ ಡಾಕ್ಟರೇ. ಒಬ್ಬರು ಎಣ್ಣೆ ತಂದರು, ಒಬ್ಬರು ಎಲುಬು ಕೂಡಿಸುವವರ ವಿಳಾಸ ಕೊಟ್ಟರು. ಅವರ ಮನಸ್ಸು ಒಳ್ಳೆಯದೇ. ಆದರೆ ಕಂಪನಿ ಒಪ್ಪಿದ ಡಾಕ್ಟರ್ ಬಿಟ್ಟು ಬೇರೆ ಕಡೆ ಹೋಗಿ ಹೆಚ್ಚುಕಡಿಮೆಯಾದರೆ ಖರ್ಚೂ ಬರುವುದಿಲ್ಲ, ಭುಜವೂ ಬರುವುದಿಲ್ಲ. ಎಣ್ಣೆಯನ್ನು ನಮ್ಮ ಮನೆಯವರ ಮೊಣಕಾಲಿಗೆ ಹಚ್ಚಿದೆ. ಮಗಳ ಪಾಲಿಗೆ ಫಿಸಿಯೋಥೆರಪಿ, ದಿನಕ್ಕೆ ಎರಡು ಸಲ, ಮೂರು ತಿಂಗಳು. ನಾನು ಮಾಡಿದ್ದು ಇಷ್ಟೇ: ಹೊಲಿಗೆ ಎಲಾಸ್ಟಿಕ್ ಬಾಗಿಲ ಚಿಲಕಕ್ಕೆ ಕಟ್ಟಿಕೊಟ್ಟು, ಎಳೆದದ್ದನ್ನು ಎಣಿಸುತ್ತ ಕೂತದ್ದು.

ರೊಟ್ಟಿ ಕಟ್ಟುವ ವಿಚಾರ

ಒಣಗಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು. ಮನೆಯಲ್ಲಿ ಕಟ್ಟಿದ ಗಂಟು ಬೇಡ, ಅಂಗಡಿಯಲ್ಲಿ ಸೀಲ್ ಮಾಡಿದ್ದು, ಮೇಲೆ ಹೆಸರು ಬರೆದಿದ್ದು ಕಳಿಸಿ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಿನ್ನುವ ಪದಾರ್ಥ ಇದೆ ಅಂತ ಹೇಳಲೇಬೇಕು. ಹಸಿ ಹಣ್ಣು, ಕಾಯಿಪಲ್ಯ, ಮಾಂಸ ಬೇಡವೇ ಬೇಡ. ಮೊದಲ ಸಲ ನಾನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಚಟ್ನಿಪುಡಿಯನ್ನು ಹಡಗು ಹತ್ತುವಾಗ ತೆಗೆಸಿಬಿಟ್ಟರು. ಸೂಟ್‌ಕೇಸ್ 23 ಕಿಲೋ. ಅದರಲ್ಲಿ ಅವಳ ಕೈಪಟ್ಟಿ, ಟೇಪು, ಬೂಟು ಮೊದಲು. ರೊಟ್ಟಿ ಆಮೇಲೆ.

ಮನೆಗೆ ಬಂದಾಗ

ಮೊದಲ ವಾರ ಬಿಟ್ಟುಬಿಡಿ. ಮಧ್ಯರಾತ್ರಿ ಎದ್ದು ಅನ್ನ ಕೇಳುತ್ತಾರೆ, ಹಗಲು ಮಲಗುತ್ತಾರೆ. ನೆಲ ತೂಗಿದ ಹಾಗೆ ಆಗುತ್ತದೆ ಅನ್ನುತ್ತಾರೆ.

ನಾನು ಬಿಡಲಿಲ್ಲ. ಬಂದ ನಾಲ್ಕನೇ ದಿನಕ್ಕೇ ಹುಡುಗನ ಮನೆಯವರನ್ನು ಕರೆಸಿದ್ದೆ. ಸುಸಲಾ, ಮಿರ್ಚಿ, ಚಹಾ ಎಲ್ಲ ಆಯಿತು. ಹುಡುಗನ ತಾಯಿ ಕೇಳಿದರು, "ಶಿಪ್ಪಿನ್ಯಾಗ ಏನ್ ಕೆಲಸವಾ?" ಇವಳು ಆಕಳಿಸುತ್ತ, "ಹಗ್ಗದ ಮ್ಯಾಲ ಇರ್ತೀನ್ರಿ" ಅಂದಳು. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವಳು ಹೋಗಿ ಮಲಗಿದಳು. ಈಗ ನಾನು ಅವಳನ್ನು ಕೇಳದೆ ಯಾರನ್ನೂ ಕರೆಯುವುದಿಲ್ಲ.

ನೆಂಟರ ಮಾತಿಗೆ ಉದ್ದ ಉತ್ತರ ಕೊಡಬೇಡಿ. ನಾಟಕದವರ ಮನೆ ಅಂತ ಮೊದಲಿಂದ ಕೇಳಿದ್ದೇವೆ. "ಶಿಪ್ಪಿನ್ಯಾಗ ಕುಣೀತಾಳಂತಲ್ರೀ?" ಅಂದರೆ, "ಹೌದ್ರಿ, ಎಂಟು ಮೀಟರ್ ಎತ್ತರದಾಗ" ಅನ್ನುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಆದರೆ ಶೋದ ವಿಡಿಯೋ ಸ್ಟೇಟಸ್‌ಗೆ ಹಾಕಿ ಅವರ ಬಾಯಿ ಮುಚ್ಚಿಸಲು ಹೋಗಬೇಡಿ. ಶೋ ಕಂಪನಿಯ ಆಸ್ತಿ. ಅವಳ ಕಾಂಟ್ರಾಕ್ಟಿನಲ್ಲಿ ಅದು ಮನಾ ಅಂತ ಬರೆದೇ ಇತ್ತು. ನಾನು ಹಾಕಿ, ಅವಳಿಂದ ಬೈಸಿಕೊಂಡು ತೆಗೆದೆ.

ವಯಸ್ಸಿನ ವಿಚಾರ ಅವಳೇ ಎತ್ತುತ್ತಾಳೆ. ಹಗ್ಗ ಕೊಕ್ಕೆ ಕಟ್ಟುವ ರಿಗ್ಗಿಂಗ್ ಕೆಲಸ ಕಲಿಯುತ್ತಿದ್ದಾಳೆ, ಊರಿಗೆ ಬಂದಾಗ ಹಳೇ ಮೈದಾನದಲ್ಲಿ ಹುಡುಗಿಯರಿಗೆ ಹಗ್ಗ ಹೇಳಿಕೊಡುತ್ತಾಳೆ. ನಾನು ಅದರ ಬಗ್ಗೆ ಕೇಳುವುದಿಲ್ಲ. ಹುಡುಗಿಯರಿಗೆ ಚುರುಮುರಿ ಮಾಡಿ ಕಳಿಸುತ್ತೇನೆ.

ಕಳಿಸಲು ನಾವು ಬಾಗಲಕೋಟೆ ಸ್ಟೇಷನ್‌ವರೆಗೆ ಮಾತ್ರ ಹೋಗುತ್ತೇವೆ. ಮೊದಲ ಸಲ ಮುಂಬೈ ವಿಮಾನ ನಿಲ್ದಾಣದವರೆಗೆ ಹೋಗಿ ಗಾಜಿನಾಚೆ ನಿಂತು ಅತ್ತೆವು, ಅವಳು ಕಾಗದ ತೋರಿಸುವುದು ಬಿಟ್ಟು ನಮ್ಮ ಕಡೆ ನೋಡುತ್ತಿದ್ದಳು. ಈಗ ಇಲ್ಲೇ ಮುಂಬೈ ಗಾಡಿ ಹತ್ತಿಸಿ ಬಂದುಬಿಡುತ್ತೇವೆ. ಮನೆಗೆ ಬಂದು ನಾನು ಎರಡನೇ ಗಡಿಯಾರಕ್ಕೆ ಸೆಲ್ ಹಾಕುತ್ತೇನೆ. ಅವಳು ಮನೆಯಲ್ಲಿರುವಷ್ಟು ದಿನ ಅದನ್ನು ತೆಗೆದಿಟ್ಟಿರುತ್ತೇನೆ.

ಈ ಸಲ ಬಾರ್ಸಿಲೋನಾದಿಂದ ಹೊರಡುವ ಹಡಗು. ಯುರೋಪಿನ ಷೆಂಗನ್ ವೀಸಾ ಬಂದಿದೆ, ಡಬ್ಬಿಯಲ್ಲಿ ಝೆರಾಕ್ಸ್ ಇದೆ. ಬೇಸಿಗೆಯಲ್ಲಿ ಅಂತರ ಮೂರೂವರೆ ತಾಸು ಮಾತ್ರ. ಅವಳ ಶೋ ಮುಗಿಯುವಾಗ ನಮಗೆ ರಾತ್ರಿ ಒಂದೂವರೆ. ಹಾಗಾಗಿ ಫೋನಿನ ಹೊತ್ತು ಸಂಜೆ ನಾಲ್ಕಕ್ಕೆ ಬದಲಾಗಿದೆ. ಅವಳಿಗೆ ಆಗ ಹನ್ನೆರಡೂವರೆ, ಈಗಷ್ಟೇ ಎದ್ದಿರುತ್ತಾಳೆ. ಕೆಂಪು ಟೇಪು ಐದರಿಂದ ಹತ್ತರವರೆಗೆ ಹಾಗೇ ಇದೆ.